ಒಂಬತ್ತು ಗಂಟೆ ಐದು ನಿಮಿಷದ ಕೂಗು

ಬಟ್ಟೆಯ ಗಂಟು ಬಿಚ್ಚುವ ಮೊದಲೇ, ಎತ್ತಿದಾಗಿನ ತೂಕದಿಂದ ಅದು ಹಿತ್ತಾಳೆ ಎಂದು ಗೊತ್ತಾಯಿತು. ಮೇಜಿನ ಮೇಲಿಟ್ಟು ಬಿಚ್ಚಿದೆ. ಹಳೆಯ ಉಗಿ ಹಡಗಿನ ವಿಷಲ್. ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ. ಮೈಯೆಲ್ಲ ಕಪ್ಪು, ಅಲ್ಲಲ್ಲಿ ಹಸಿರು ಕಿಲುಬು, ಮೇಲ್ತುದಿಯ ನಟ್ಟಿನ ಬಳಿ ಒಂದಿಷ್ಟು ಕೆಂಪು ಬಣ್ಣ ಚಕ್ಕೆಯೆದ್ದಿತ್ತು.

ಸಿಂಗಾಪುರದ ಟುವಾಸ್‌ನ ನಮ್ಮ ವರ್ಕ್‌ಶಾಪಿನಲ್ಲಿ ಹಡಗಿನ ಬಾಯ್ಲರುಗಳ ವಾಲ್ವ್ ರಿಪೇರಿ ಮಾಡುತ್ತೇವೆ. ಈ ಗಂಟು ತಂದವರು ಒಂದು ಹಡಗು ಕಂಪನಿಯ ತುರ್ಕಿ ಎಂಜಿನಿಯರ್. ವರ್ಷಗಳಿಂದ ನಮ್ಮಲ್ಲಿಗೆ ವಾಲ್ವ್ ತರುವವರು. ಎಲ್ಲರೂ ಅವರನ್ನು ಚೀಫ್ ಎನ್ನುತ್ತಾರೆ, ನಾನೂ ಹಾಗೇ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ.

"ಇದನ್ನ ಕೂಗಿಸಬಹುದಾ?" ಎಂದರು.

"ಯಾವಾಗ ಬೇಕು?"

"ನವೆಂಬರ್ ಹತ್ತು, ಬೆಳಿಗ್ಗೆ ಒಂಬತ್ತು ಐದಕ್ಕೆ. ನಾಲ್ಕಕ್ಕೂ ಅಲ್ಲ, ಆರಕ್ಕೂ ಅಲ್ಲ."

ಇನ್ನು ಮೂರು ವಾರವಿತ್ತು. ತುರ್ಕಿ ಗಣರಾಜ್ಯ ಕಟ್ಟಿದ ನಾಯಕ ತೀರಿಕೊಂಡದ್ದು ಆ ದಿನ, ಆ ಹೊತ್ತಿಗೆ. ಅಲ್ಲಿ ಪ್ರತಿ ವರ್ಷ ಆ ನಿಮಿಷಕ್ಕೆ ಸೈರನ್‌ಗಳು ಕೂಗುತ್ತವೆ. ಸೇತುವೆಯ ಮೇಲೆ ಕಾರು ನಿಲ್ಲಿಸಿ ಜನ ಇಳಿಯುತ್ತಾರೆ, ರಸ್ತೆ ದಾಟುತ್ತಿದ್ದವರು ಅಲ್ಲೇ ನಿಲ್ಲುತ್ತಾರೆ, ನೀರಿನ ಮೇಲಿನ ಹಡಗುಗಳೆಲ್ಲ ಕೂಗುತ್ತವೆ. ಸಿಂಗಾಪುರದ ತುರ್ಕಿಯವರು ಒಂದು ಕಾಂಡೊ ಅಪಾರ್ಟ್‌ಮೆಂಟಿನ ಫಂಕ್ಷನ್ ರೂಮಿನಲ್ಲಿ ಸೇರಿ, ಆ ನಾಯಕನ ಫೋಟೊದ ಮುಂದೆ ಹೂವಿಟ್ಟು, ಮೊಬೈಲಿನಲ್ಲಿ ಸೈರನ್ ಹಾಕಿ ನಿಲ್ಲುತ್ತಿದ್ದರಂತೆ.

"ಹೋದ ವರ್ಷ ಸೈರನ್ ಮಧ್ಯೆ ಯಾರದೋ ವಾಟ್ಸಾಪ್ ಮೆಸೇಜ್ ಬಂತು, ಟಿಂಗ್ ಅಂತ," ಎಂದರು ಚೀಫ್. ನಗಲಿಲ್ಲ.

ವಿಷಲ್ ಅವರದಲ್ಲ. ಸೆಂಗ್‌ಕಾಂಗ್‌ನಲ್ಲಿ ಮಗಳ ಮನೆಯಲ್ಲಿರುವ ಒಬ್ಬ ಹಿರಿಯಾಕೆಯದು. ಎಂಬತ್ತು ದಾಟಿದವರು, ನಿವೃತ್ತ ಟೀಚರ್. ಅವರ ಗಂಡ ಇಸ್ತಾನ್‌ಬುಲ್‌ನ ಉಗಿ ಫೆರಿಯೊಂದರಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದರು. ನವೆಂಬರ್ ಹತ್ತರಂದು ಮಾತ್ರ ಕ್ಯಾಪ್ಟನ್ ಅವರನ್ನು ಮೇಲಕ್ಕೆ ಕರೆದು ವಿಷಲಿನ ಹಗ್ಗ ಕೈಗೆ ಕೊಡುತ್ತಿದ್ದರು. ಆಕೆ ದಡದಲ್ಲಿ ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು ಆ ಕೂಗು ಕೇಳುತ್ತಿದ್ದರು. ಫೆರಿ ಗುಜರಿಗೆ ಹೋದಾಗ ಗಂಡ ವಿಷಲ್ ಬಿಚ್ಚಿಕೊಂಡು ಮನೆಗೆ ತಂದರು. ಈಗ ಗಂಡ ಇಲ್ಲ. ಆಕೆಯ ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿ ಮುಂದಿನ ವರ್ಷದವರೆಗೆ ಉಳಿಯುತ್ತದೆಂದು ಹೇಳಲಾಗದು ಎಂದಿದ್ದಾರೆ ಡಾಕ್ಟರು.

"ಒಂದು ಸಲ ಕೇಳಬೇಕಂತೆ. ಅದೇ ಕೂಗು," ಎಂದರು ಚೀಫ್. "ಸ್ವಲ್ಪ ಕ್ಲೀನ್ ಮಾಡಿಸಿ ಅಂದರು, ಅಷ್ಟೇ."

ಇಲ್ಲಿ ನನ್ನ ತಪ್ಪನ್ನು ಇದ್ದಂತೆ ಬರೆಯಬೇಕು. ವರ್ಕ್‌ಶಾಪಿಗೆ ಬಂದ ಯಾವ ಭಾಗವನ್ನೂ ನಾವು ಫೋಟೊ ತೆಗೆಯದೆ, ಅಳತೆ ಬರೆದುಕೊಳ್ಳದೆ ಬಿಚ್ಚುವುದಿಲ್ಲ. ಹೊಸಬರಿಗೆ ನಾನು ಮೊದಲು ಹೇಳಿಕೊಡುವ ಪಾಠವೇ ಇದು. ಆದರೆ ಆ ವಿಷಲ್ ನನ್ನ ಕಣ್ಣಿಗೆ ಕೆಲಸದ ಸಾಮಾನಾಗಿ ಕಾಣಲಿಲ್ಲ. ಯಾರದೋ ಮನೆಯ ದೀಪದ ಹಾಗೆ ಕಂಡಿತು. ಜಾಬ್ ಕಾರ್ಡ್ ಬರೆಯಲಿಲ್ಲ. ಬೆನ್ನುಚೀಲಕ್ಕೆ ಹಾಕಿಕೊಂಡು ಎಂಆರ್‌ಟಿ ರೈಲಿನಲ್ಲಿ ಮನೆಗೆ ತಂದೆ.

ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಹುಣಸೆಹಣ್ಣು ನೆನೆಹಾಕಿದೆ. ಮೈಸೂರಿನ ನಮ್ಮ ಮನೆಯಲ್ಲಿ ಹಿತ್ತಾಳೆಗೆ ಬೇರೆ ಏನನ್ನೂ ಮುಟ್ಟಿಸುತ್ತಿರಲಿಲ್ಲ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ದೇವರ ಸಾಮಾನಿಗೆ ಒಂದಿನ ಕೈ ಹಚ್ಚಿದ್ದು ನಾ ಕಾಣೆ. ಈಗ ಹಡಗಿನ ಪೀಪಿ ತಿಕ್ಕೋಕೆ ಕೂತಿದೀರಲ್ಲ!"

"ಯಾರೋ ವಯಸ್ಸಾದೋರದು ಕಣೇ."

"ಹಂಗಾದ್ರೆ ಸರಿಯಾಗಿ ತಿಕ್ಕಿ. ಸಂದೀಲೆಲ್ಲ ಹಂಗೇ ಕರೀ ಇದೆ ನೋಡಿ. ಉಪ್ಪು ಹಾಕ್ಕೊಳಿ ಸ್ವಲ್ಪ."

ತಿಕ್ಕಿದೆ. ನಟ್ ಸಡಿಲಿಸಿ, ಮೇಲಿನ ಗಂಟೆಯಾಕಾರದ ಕೊಳವೆಯನ್ನು ತಿರುಗಿಸಿ ಬಿಚ್ಚಿ ಒಳಗೂ ತಿಕ್ಕಿದೆ. ಚಕ್ಕೆಯೆದ್ದಿದ್ದ ಕೆಂಪು ಬಣ್ಣ ನಾರಿನ ಜೊತೆ ಉದುರಿ ಸಿಂಕಿನಲ್ಲಿ ಹರಿದುಹೋಯಿತು. ಮಧ್ಯಾಹ್ನದ ಹೊತ್ತಿಗೆ ಅದು ಬಂಗಾರದ ಹಾಗೆ ಹೊಳೆಯುತ್ತಿತ್ತು. ನನಗೆ ನಿಜಕ್ಕೂ ಸಂತೋಷವಾಗಿತ್ತು.

ಮರುವಾರ ಚೀಫ್ ಆ ಹಿರಿಯಾಕೆಯನ್ನು ಟ್ಯಾಕ್ಸಿಯಲ್ಲಿ ವರ್ಕ್‌ಶಾಪಿಗೆ ಕರೆತಂದರು. ಸಣ್ಣ ದೇಹ, ಕಂದು ಕೋಟು, ಎಡಗಿವಿಯಲ್ಲಿ ಮೆಷಿನ್. ಇಂಗ್ಲಿಷನ್ನು ಒಂದೊಂದೇ ಶಬ್ದವಾಗಿ, ಮಕ್ಕಳಿಗೆ ಉಕ್ತಲೇಖನ ಹೇಳುವಂತೆ ಆಡುತ್ತಿದ್ದರು. ವಿಷಲನ್ನು ಎರಡೂ ಕೈಯಲ್ಲಿ ಹಿಡಿದು ಸುತ್ತ ತಿರುಗಿಸಿದರು. ನಟ್ಟಿನ ಬಳಿ ಬೆರಳು ನಿಂತಿತು. ಮತ್ತೊಮ್ಮೆ ಸುತ್ತ ತಿರುಗಿಸಿದರು.

"ಕೆಂಪು ಗೆರೆ ಎಲ್ಲಿ?"

ನನಗೆ ಆಗ ಅರ್ಥವಾಯಿತು. ವಿಷಲಿನ ಕೆಳಗೆ ಒಂದು ಬಟ್ಟಲಿರುತ್ತದೆ, ಅದರ ಬಾಯಿಯ ಸುತ್ತ ಕೂದಲೆಳೆಯ ಸಂದು. ಆ ಸಂದಿನಿಂದ ನುಗ್ಗಿದ ಉಗಿ ಮೇಲೆ ತೂಗುವ ಗಂಟೆಯ ಅಂಚಿಗೆ ಬಡಿದಾಗ ಕೂಗು ಹುಟ್ಟುತ್ತದೆ. ಗಂಟೆ ನಡುವಿನ ದಂಡದ ಮೇಲೆ ತಿರುಪಿನ ಥ್ರೆಡ್ಡಿನಲ್ಲಿ ಏರಿಳಿಯುತ್ತದೆ. ತುಸು ಎತ್ತರವಾದರೆ ಬರೀ ಉಸಿರು, ತುಸು ತಗ್ಗಾದರೆ ಕಿರಿಚಾಟ. ಎಲ್ಲಿ ನಿಲ್ಲಿಸಬೇಕೆಂದು ಕಂಡುಕೊಂಡ ಮೇಲೆ ಎಂಜಿನಿಯರು ನಟ್, ದಂಡ, ಗಂಟೆ ಮೂರಕ್ಕೂ ಸೇರಿಸಿ ಒಂದು ಬಣ್ಣದ ಗೆರೆ ಎಳೆಯುತ್ತಾನೆ. ನಾನೂ ದಿನಾ ಎಳೆಯುತ್ತೇನೆ. ಆ ಕೂಗಿನ ಅಳತೆಯನ್ನೇ ನಾನು ಸಿಂಕಿಗೆ ಬಿಟ್ಟಿದ್ದೆ.

ಹೇಳಿದೆ. ಹುಣಸೆಹಣ್ಣು, ಉಪ್ಪು, ಎಲ್ಲವನ್ನೂ ಹೇಳಿದೆ. ಚೀಫ್ ತುರ್ಕಿ ಭಾಷೆಯಲ್ಲಿ ಮತ್ತೊಮ್ಮೆ ವಿವರಿಸುತ್ತಿದ್ದಾಗ ನನ್ನ ಮುಖ ನೋಡಲಿಲ್ಲ.

"ಅದು ಅವರ ಕೈ ಎಳೆದ ಗೆರೆ," ಎಂದರು ಹಿರಿಯಾಕೆ. ವಿಷಲನ್ನು ಮೇಜಿನ ಮೇಲಿಟ್ಟು, "ನಿಮ್ಮ ಮನೆಯಲ್ಲಿ ಹೀಗೆ ಹೊಳೆಯುವುದನ್ನು ಎಲ್ಲಿ ಇಡುತ್ತೀರಿ?" ಎಂದು ಕೇಳಿದರು.

"ದೇವರ ಮುಂದೆ, ಆಂಟಿ."

ತಲೆಯಾಡಿಸಿದರು. ಆಮೇಲೆ, ಚಹಾ ಸಿಗುತ್ತದೆಯೇ ಎಂದರು. ಬೈದಿದ್ದರೆ ನಾನು ಸುಲಭವಾಗಿ ಉಸಿರಾಡುತ್ತಿದ್ದೆ.

ಚಹಾ ಕುಡಿದಾದ ಮೇಲೆ ಕಂಪ್ರೆಸರಿನ ಗಾಳಿ ಜೋಡಿಸಿ ನೋಡಿದೆವು. ಗಂಟೆಯನ್ನು ಒಂದು ಅಂದಾಜಿಗೆ ನಿಲ್ಲಿಸಿ ವಾಲ್ವ್ ತೆರೆದೆ. ಬಾಗಿಲಾಚೆ ನಿಂತಿದ್ದ ಆಕೆ ಬೆರಳಾಡಿಸಿದರು: ಅಲ್ಲ. ಕಾಲು ಸುತ್ತು ಇಳಿಸಿದೆ. ಅಲ್ಲ. ಇನ್ನೂ ಕಾಲು ಸುತ್ತು. ಅಲ್ಲ. ಹನ್ನೊಂದು ಸಲ. ಕೊನೆಗೆ ಹತ್ತಿರ ಬಂದು, "ಇದು ಹೋರಿ ಕೂಗಿದ ಹಾಗಿದೆ. ಅವರದು ಹೀಗೆ ತಗ್ಗಿನದಲ್ಲ. ಮತ್ತೆ, ಇದು ನಿಂತಲ್ಲೇ ನಿಂತಿದೆ. ಅದು ಹತ್ತುತ್ತಿತ್ತು," ಎಂದರು.

"ಹತ್ತುತ್ತಿತ್ತು ಅಂದರೆ?"

ಕೈಯನ್ನು ಸೊಂಟದ ಎತ್ತರದಲ್ಲಿ ಹಿಡಿದು, ಒಂದು ಸಲ ಕೆಮ್ಮಿ, ಬಾಯಿ ಮುಚ್ಚಿ ಗುನುಗುತ್ತಾ ಮೆಲ್ಲಗೆ ಕೈಯನ್ನು ಭುಜದವರೆಗೆ ಏರಿಸಿದರು. ಅಲ್ಲಿ ನಿಲ್ಲಿಸಿ ಉಸಿರು ಮುಗಿಯುವವರೆಗೆ ಗುನುಗಿದರು. ಗ್ರೈಂಡರ್ ಹಿಡಿದವರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು.

ಅವರು ಹೋದ ಮೇಲೆ ನಾನು ಕಾಗದ ತೆಗೆದು ಕೂತೆ. ತಗ್ಗಿನ ಸ್ವರಕ್ಕೆ ಕಾರಣ ಸುಲಭವಿತ್ತು. ಬಿಸಿ ಉಗಿಯಲ್ಲಿ ಶಬ್ದ ಗಾಳಿಯಲ್ಲಿಗಿಂತ ವೇಗವಾಗಿ ಓಡುತ್ತದೆ, ಅದೇ ಗಂಟೆ ಉಗಿಯಲ್ಲಿ ಹೆಚ್ಚು ಎತ್ತರದ ಸ್ವರ ಕೊಡುತ್ತದೆ. ಕೆಮ್ಮು ಮತ್ತು ಹತ್ತುವುದು ತಿಳಿಯಲು ಇನ್ನೊಂದು ದಿನ ಬೇಕಾಯಿತು. ನವೆಂಬರಿನ ಚಳಿಗೆ ವಿಷಲ್ ತಣ್ಣಗಿರುತ್ತದೆ. ಮೊದಲ ಉಗಿ ಅದರೊಳಗೆ ನೀರಾಗಿ ಹನಿಯುತ್ತದೆ. ನೀರು ಉಗುಳಿ, ತಣ್ಣನೆಯ ಗಾಳಿ ಹೊರಗೆ ಹೋಗಿ, ಲೋಹ ಬಿಸಿಯಾಗುತ್ತಾ ಹೋದಂತೆ ಸ್ವರ ಮೇಲೇರುತ್ತದೆ. ಆಕೆ ನೆನಪಿಟ್ಟುಕೊಂಡದ್ದು ಒಂದು ಸ್ವರವನ್ನಲ್ಲ, ವಿಷಲ್ ಬಿಸಿಯಾಗುವ ಆ ಮೂರು ನಾಲ್ಕು ಸೆಕೆಂಡುಗಳನ್ನು.

ಅದಕ್ಕೆ ನಿಜವಾದ ಉಗಿಯೇ ಬೇಕು. ಫಂಕ್ಷನ್ ರೂಮಿಗೆ ಉಗಿ ಒಯ್ಯಲಾಗದು. ವಿಷಲನ್ನು ಅವರ ಬಳಿಗೆ ಒಯ್ಯುವ ಬದಲು ಅವರೆಲ್ಲರನ್ನೂ ಟುವಾಸ್‌ಗೆ ಕರೆತರುವುದೆಂದು ತೀರ್ಮಾನಿಸಿದೆ. ವಾಲ್ವ್ ಪರೀಕ್ಷೆಗೆಂದು ನಮ್ಮಲ್ಲಿ ಒಂದು ಸಣ್ಣ ಬಾಯ್ಲರ್ ಇದೆ. ಆ ವರ್ಷ ನವೆಂಬರ್ ಹತ್ತು ಭಾನುವಾರ ಬಿದ್ದಿತ್ತು. ಬಾಸ್ ಒಪ್ಪಿದರು. ಬಾಯ್ಲರ್ ನೋಡಿಕೊಳ್ಳುವ ಚೀನೀ ಅಂಕಲ್, "ಕ್ಯಾನ್ ಲಾ," ಆಗುತ್ತೆ, ಎಂದರು. ಒಪ್ಪದವಳು ಸೇಫ್ಟಿ ಆಫೀಸರ್. ಹಾಸನದ ಕಡೆಯ ಹುಡುಗಿ, ಫಾರ್ಮು ತುಂಬುವ ವಿಷಯದಲ್ಲಿ ಊರಿನವರು ಪರವೂರಿನವರು ಎಂದು ನೋಡುವವಳಲ್ಲ.

"ಸರ್, ಮೊದಲು ರಿಸ್ಕ್ ಅಸೆಸ್‌ಮೆಂಟ್, ಆಮೇಲೆ ಸೆಂಟಿಮೆಂಟ್," ಎಂದಳು. "ಇಪ್ಪತ್ತೈದು ಜನ ವಿಸಿಟರ್ಸ್, ಅದ್ರಲ್ಲಿ ಮಕ್ಕಳು. ಲೈವ್ ಸ್ಟೀಮ್. ನಾನು ಸೈನ್ ಮಾಡ್ಬೇಕಾ? ಎಲ್ರಿಗೂ ಇಯರ್ ಪ್ಲಗ್ ಕಂಪಲ್ಸರಿ."

"ಅಮ್ಮಾ, ಅವರು ಕೇಳೋಕೇ ಬರ್ತಿರೋದು."

"ಗೊತ್ತು ಸರ್. ಆದ್ರೆ ಇರೋ ಒಂದು ಕಿವೀನೂ ನಾವೇ ಹಾಳು ಮಾಡಿ ಕಳಿಸಿದ್ರೆ?"

ಅವಳೇ ಯೋಚಿಸಿ, ಮರುದಿನ ಶಬ್ದ ಅಳೆಯುವ ಮೀಟರ್ ಹಿಡಿದು ಬಂದಳು. "ಆಂಟಿ ಅಲ್ಲೂ ದಡದಲ್ಲಿ ತಾನೇ ನಿಂತಿದ್ದು? ಹಡಗಿನ ಮೇಲಲ್ವಲ್ಲ. ದೂರ ನಿಲ್ಸೋಣ ಸರ್."

ಶುಕ್ರವಾರ ಉಗಿಯಲ್ಲಿ ಮೊದಲ ಪರೀಕ್ಷೆ. ಅದಕ್ಕೂ ಮೊದಲು ಗಂಟೆಯ ಎತ್ತರ ಸಿಗಬೇಕಿತ್ತು. ಹಿರಿಯಾಕೆ ಜ್ವರ ಬಂದು ಮಲಗಿದ್ದರು. ಮತ್ತೆ ಮತ್ತೆ ಕರೆಸಿ ಕೇಳುವಂತಿರಲಿಲ್ಲ. ದಂಡವನ್ನು ದೀಪದ ಕೆಳಗೆ ಹಿಡಿದು ಭೂತಗನ್ನಡಿಯಲ್ಲಿ ಥ್ರೆಡ್ಡನ್ನು ಒಂದೊಂದೇ ಸುತ್ತಾಗಿ ನೋಡುತ್ತಾ ಬಂದೆ. ಥ್ರೆಡ್ಡಿನ ಬುಡದವರೆಗೆ ನನ್ನ ನಾರು ಹೋಗಿರಲಿಲ್ಲ. ಅಲ್ಲಿ ನೀರಿನ ಸುಣ್ಣ ಬಿಳಿ ದಾರದ ಹಾಗೆ ಉಳಿದಿತ್ತು. ಒಂದು ಕಡೆ ಮಾತ್ರ ಐದು ಸುತ್ತು ಶುದ್ಧವಾಗಿದ್ದವು. ಅಷ್ಟೂ ವರ್ಷ ನಟ್ ಕೂತಿದ್ದ ಜಾಗ. ಸುಣ್ಣ ಅಲ್ಲಿಗೆ ಇಳಿದಿರಲಿಲ್ಲ. ಮೂರು ಸಲ ಅಳೆದು ಬರೆದುಕೊಂಡೆ. ಎದ್ದು ಹೊರಗೆ ಹೋಗಿ ಮುಖ ತೊಳೆದು ಬಂದು ನಾಲ್ಕನೆಯ ಸಲ ಅಳೆದೆ. ಗಂಟೆ ಎಲ್ಲಿ ನಿಂತಿತ್ತೆಂದು ಅರ್ಧ ಸುತ್ತಿನ ಅಂತರದೊಳಗೆ ಗೊತ್ತಾಯಿತು.

ಆ ಅರ್ಧ ಸುತ್ತಿನಲ್ಲಿ ಎಲ್ಲಿ ಎಂಬುದನ್ನು ಉಗಿಯೇ ತೋರಿಸಿತು. ಮೇಲಿನ ತುದಿಯಲ್ಲಿ ದನಿ ಒಡೆಯುತ್ತಿತ್ತು, ಕೆಳಗಿನ ತುದಿಯಲ್ಲಿ ಕಿರಿಚುತ್ತಿತ್ತು, ನಡುವೆ ಒಂದೆಡೆ ತುಂಬಿ ಬಂತು. ಆದರೆ ಕೆಮ್ಮು ಇರಲಿಲ್ಲ, ಏರುವಿಕೆಯೂ ಇಲ್ಲ. ವಾಲ್ವ್ ತೆರೆದ ಕೂಡಲೇ ನೆಟ್ಟಗೆ ಕೂಗಿತು. ಯಾಕೆಂದರೆ ನಾನು ಪದ್ಧತಿಯಂತೆ ಪೈಪನ್ನೆಲ್ಲ ಬಿಸಿಮಾಡಿ, ಒಳಗಿನ ನೀರನ್ನು ಪೂರ್ತಿ ಬಸಿದು, ಆಮೇಲೆ ತೆರೆದಿದ್ದೆ. ಪೈಪಿನಲ್ಲಿ ನೀರು ನಿಂತಿದ್ದು ಹಿಂದಿನಿಂದ ಉಗಿ ನುಗ್ಗಿದರೆ ಆ ನೀರು ಸುತ್ತಿಗೆಯ ಹಾಗೆ ಬಡಿಯುತ್ತದೆ, ಕಬ್ಬಿಣ ಸೀಳುತ್ತದೆ. ಆ ಕೆಮ್ಮು ಬರದಂತೆ ನೋಡಿಕೊಳ್ಳುವುದೇ ನನ್ನ ಕೆಲಸ.

ಸೇಫ್ಟಿ ಆಫೀಸರ್ ಪಕ್ಕದಲ್ಲೇ ನಿಂತಿದ್ದಳು. "ಚೆನ್ನಾಗೇ ಬಂತಲ್ಲ ಸರ್?"

"ಚೆನ್ನಾಗಿ ಬಂತು. ಅವರದು ಹಿಂಗಲ್ಲ."

ಆ ಸಂಜೆ ಇಬ್ಬರೂ ಕೂತು ಪೈಪಿನ ನಕ್ಷೆ ಬರೆದೆವು. ದೊಡ್ಡ ಪೈಪನ್ನು ನಿಯಮದಂತೆ ಪೂರ್ತಿ ಬಸಿಯುವುದು. ಕೊನೆಯ ವಾಲ್ವ್ ದಾಟಿದ ಮೇಲೆ ನೆಟ್ಟಗೆ ಮೇಲೇರುವ ಒಂದು ತೋಳುದ್ದದ ತುಂಡು, ಅದರ ತುದಿಯ ವಿಷಲ್, ಇವೆರಡನ್ನು ಮಾತ್ರ ತಣ್ಣಗೆ ಬಿಡುವುದು. ಅಲ್ಲಿ ಹುಟ್ಟುವ ನೀರು ಒಂದು ಲೋಟದಷ್ಟೂ ಇರದು, ಹೊರಗೆ ಹೋಗಲು ಬಾಯಿ ತೆರೆದೇ ಇರುತ್ತದೆ. ಅವಳು ಎರಡು ಸಲ ಓದಿ, ನನ್ನ ಮುಖ ನೋಡಿ ಸಹಿ ಹಾಕಿದಳು. ಶನಿವಾರ ಹಾಗೆ ಮಾಡಿದೆವು. ಕೆಮ್ಮಿತು. ಹತ್ತಿತು. ಅದೇ ಹೌದೋ ಅಲ್ಲವೋ ಹೇಳಬಲ್ಲವರು ಸೆಂಗ್‌ಕಾಂಗ್‌ನಲ್ಲಿ ಮಲಗಿದ್ದರು. ಇನ್ನೊಮ್ಮೆ ತಣಿಸಿ ಇನ್ನೊಮ್ಮೆ ಕೂಗಿಸಲು ಕೈ ಬರಲಿಲ್ಲ.

ಭಾನುವಾರ ಎಂಟೂವರೆಗೆ ಒಂದು ಬಸ್ಸು ಬಂತು. ಕಪ್ಪು ಕೋಟು, ಕಪ್ಪು ಉಡುಪು, ತಲೆಯ ಮೇಲೆ ನಮ್ಮ ಹಳದಿ ಹೆಲ್ಮೆಟ್. ನಾಯಕನ ಫೋಟೊವನ್ನು ಒಂದು ಕುರ್ಚಿಯ ಮೇಲಿಟ್ಟು ಹೂವಿಟ್ಟರು. ಒಬ್ಬ ತರುಣ, ಚೀಫ್ ಬಳಿ ಬಂದು, "ಅಲ್ಲಿ ಈಗ ಬೆಳಗಿನ ಜಾವ. ಅವರ ಒಂಬತ್ತು ಐದು ಆಗೋಕೆ ನಮಗೆ ಮಧ್ಯಾಹ್ನ ಎರಡು ದಾಟಬೇಕಲ್ಲ?" ಎಂದ.

"ಯಾರು ಎಲ್ಲಿದ್ದಾರೋ ಅಲ್ಲಿಯ ಒಂಬತ್ತು ಐದು," ಎಂದರು ಚೀಫ್. "ಇಲ್ಲಿ ಮೊದಲು ಶುರುವಾಗುತ್ತೆ. ಆಮೇಲೆ ಒಂದೊಂದೇ ದೇಶ. ಕೊನೆಗೆ ಮನೆ ತಲುಪುತ್ತೆ."

ಹಿರಿಯಾಕೆ ಮಗಳ ತೋಳು ಹಿಡಿದು ಇಳಿದರು. ಜ್ವರದಲ್ಲಿ ಇನ್ನೂ ಸಣ್ಣಗಾಗಿದ್ದರು. ವಿಷಲ್ ಕೂಗಿಸುವ ಲಿವರನ್ನು ನೀವೇ ಎಳೆಯಿರಿ, ಕಿವಿಗೆ ಮಫ್ ಹಾಕಿಕೊಂಡು, ಎಂದು ಕೇಳಿದೆವು.

"ನಾನು ಯಾವತ್ತೂ ಎಳೆದವಳಲ್ಲ. ದಡದಲ್ಲಿ ನಿಂತವಳು," ಎಂದರು. ಆಮೇಲೆ ಫೋಟೊದ ಕಡೆ ತೋರಿಸಿ ನನಗೆ ಹೇಳಿದರು: "ನನ್ನ ಅಜ್ಜಿಗೆ ಓದು ಬರುತ್ತಿರಲಿಲ್ಲ. ಅಮ್ಮ ಇವರ ಕಾಲದ ಶಾಲೆಯಲ್ಲಿ ಕಲಿತಳು. ನಾನು ಕಲಿಸಿದೆ."

ಸೇಫ್ಟಿ ಆಫೀಸರ್ ಗೇಟಿನ ಬಳಿ, ಬಾಯ್ಲರಿನಿಂದ ಅರವತ್ತು ಹೆಜ್ಜೆ ದೂರದಲ್ಲಿ, ಹಿಂದಿನ ದಿನ ಅಳೆದು ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಳು. ಎಲ್ಲರೂ ಅದರ ಹಿಂದೆ ನಿಂತರು. ಲಿವರ್ ಬಳಿ ನಾನು, ಬಾಯ್ಲರ್ ಬಳಿ ಅಂಕಲ್. ಮಫ್ ಹಾಕಿಕೊಂಡೆ. ಅಲ್ಲಿಂದ ನನಗೆ ಕೇಳಿಸುವುದು ಕಡಿಮೆ, ಕಾಣುವುದು ಮಾತ್ರ. ಚೀಫ್ ಕೈ ಎತ್ತಿ ಗಡಿಯಾರ ನೋಡುತ್ತಿದ್ದರು. ಕೈ ಇಳಿಯಿತು. ಎಳೆದೆ.

ಮೊದಲು ಬಿಸಿನೀರು ಉಗುಳಿತು. ಅಂಗೈಯಲ್ಲಿ ಕಬ್ಬಿಣ ಒಮ್ಮೆ ನಡುಗಿತು. ಆಮೇಲೆ ಆ ನಡುಕ ಸಣ್ಣದಾಗುತ್ತಾ, ವೇಗವಾಗುತ್ತಾ ಹೋಗಿ ಒಂದೆಡೆ ನಿಂತಿತು. ಮೇಲೆ ಬಿಳಿ ಉಗಿ ನೆಟ್ಟಗೆ ಏರುತ್ತಿತ್ತು. ಒತ್ತಡ ಇಳಿಯುತ್ತಿದ್ದುದರಿಂದ ಕಣ್ಣನ್ನು ಗೇಜಿನ ಮೇಲಿಟ್ಟು ವಾಲ್ವನ್ನು ಕೂದಲಷ್ಟೇ ತೆರೆಯುತ್ತಾ ಹೋದೆ. ಅರ್ಧ ನಿಮಿಷ ಕಳೆದ ಮೇಲೆ ಗೆರೆಯ ಕಡೆ ನೋಡಿದೆ. ಯಾರೂ ಅಲ್ಲಾಡುತ್ತಿರಲಿಲ್ಲ. ಆಕೆ ಮಗಳ ತೋಳು ಬಿಟ್ಟಿದ್ದರು. ಕೈಗಳೆರಡೂ ಪಕ್ಕಕ್ಕಿದ್ದವು. ಎಡಗಿವಿಯನ್ನು ನಮ್ಮ ಕಡೆ ತಿರುಗಿಸಿ, ಮುಖವನ್ನು ಗೇಟಿನಾಚೆಯ ಖಾಲಿ ರಸ್ತೆಯ ಕಡೆ ಇಟ್ಟುಕೊಂಡಿದ್ದರು.

ಒಂದು ನಿಮಿಷಕ್ಕೆ ಲಿವರ್ ಬಿಟ್ಟೆ. ಅವರು ತಮ್ಮ ರಾಷ್ಟ್ರಗೀತೆ ಹಾಡಿ ಮುಗಿಸುವವರೆಗೆ ಅಲ್ಲೇ ನಿಂತಿದ್ದು, ವಾಲ್ವ್ ಮುಚ್ಚಿ, ಅರವತ್ತು ಹೆಜ್ಜೆ ನಡೆದು ಹೋದೆ. ಅಷ್ಟು ಉದ್ದದ ಅರವತ್ತು ಹೆಜ್ಜೆಯನ್ನು ನಾನು ಬೇರೆಲ್ಲೂ ನಡೆದಿಲ್ಲ.

"ಆಂಟಿ, ಇದೇನಾ?"

ಆಕೆ ನನ್ನ ಕೈ ಹಿಡಿದುಕೊಂಡರು. "ಇದೇ," ಎಂದರು. ನನ್ನ ಎದೆ ಹಗುರಾಯಿತು. ಆದರೆ ಅವರು ಕೈ ಬಿಡಲಿಲ್ಲ. ಗೇಟಿನಾಚೆ, ಬೇಲಿಗಳಾಚೆ, ಕ್ರೇನುಗಳ ಕಡೆ ನೋಡುತ್ತಲೇ ಇದ್ದರು. "ಇದೇ. ಆದರೆ ಉಳಿದವೆಲ್ಲ ಎಲ್ಲಿ?"

ನನಗೆ ತಿಳಿಯಲಿಲ್ಲ. ಚೀಫ್ ಮುಖ ನೋಡಿದೆ.

"ಅಲ್ಲಿ ನೂರು ಕೂಗುತ್ತಿದ್ದವು," ಎಂದರು ಆಕೆ. "ಎಲ್ಲ ಒಟ್ಟಿಗೆ. ಅವುಗಳೊಳಗಿಂದ ನಾನು ಇದನ್ನ ಹೆಕ್ಕಿಕೊಳ್ಳುತ್ತಿದ್ದೆ. ಇದೊಂದೇ ಕೂಗಿದ್ದನ್ನ ನಾನು ಯಾವತ್ತೂ ಕೇಳಿಲ್ಲ. ಎಷ್ಟು ಒಂಟಿಯಾಗಿದೆ."

ಗೆರೆಯ ಹಿಂದಿನ ಸಾಲು ಇನ್ನೂ ಹಾಗೇ ನಿಂತಿತ್ತು. ಆ ಸಾಲಿನಿಂದ ಚೀಫ್ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಮ್ಮೂರಲ್ಲಿ ಸಮುದ್ರವೇ ಇರಲಿಲ್ಲ," ಎಂದರು. "ಸಕ್ಕರೆ ಕಾರ್ಖಾನೆಯದು ಕೂಗುತ್ತಿತ್ತು. ಸ್ವಲ್ಪ ತಡವಾಗಿ. ಪ್ರತಿ ವರ್ಷ ಅಪ್ಪ ಬೈಯೋರು." ಯಾರೋ ನಕ್ಕರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಾಕೆ, ತಮ್ಮ ಬೀದಿಯಲ್ಲಿ ಟ್ಯಾಕ್ಸಿಯವರೆಲ್ಲ ಹಾರ್ನ್ ಒತ್ತಿ ಹಿಡಿಯುತ್ತಿದ್ದರು, ಒಂದು ನಾಯಿ ಕೊನೆಯವರೆಗೂ ಜೊತೆಗೂಡುತ್ತಿತ್ತು ಎಂದರು. ಆ ತರುಣ, ತನ್ನ ಶಾಲೆಯಲ್ಲಿ ಕೈಯಿಂದ ತಿರುಗಿಸುವ ಸೈರನ್ ಇತ್ತು, ಜವಾನನಿಗೆ ಸುಸ್ತಾದಾಗ ದನಿ ಇಳಿಯುತ್ತಿತ್ತು ಎಂದ. ಹೀಗೆ ಒಬ್ಬೊಬ್ಬರೇ. ಹಿರಿಯಾಕೆ ಒಬ್ಬೊಬ್ಬರ ಎದುರೂ ಹೋಗಿ, ಅಂಗೈಯನ್ನು ಎಡಗಿವಿಗೆ ಬಟ್ಟಲಾಗಿ ಹಿಡಿದು ಕೇಳಿಸಿಕೊಂಡರು. ಕೊನೆಗೆ ನನ್ನ ಎದುರು ಬಂದು ನಿಂತರು.

"ನಿಮ್ಮಲ್ಲಿ?"

ಇಲ್ಲ ಎನ್ನುವವನಿದ್ದೆ. ಆಮೇಲೆ ನೆನಪಾಯಿತು. ಜನವರಿ ಮೂವತ್ತು, ಹುತಾತ್ಮರ ದಿನ, ಬೆಳಿಗ್ಗೆ ಹನ್ನೊಂದು ಗಂಟೆ. ಶಾಲೆಯ ಮೈದಾನದಲ್ಲಿ ಬಿಸಿಲಿಗೆ ಸಾಲಾಗಿ ನಿಲ್ಲಿಸುತ್ತಿದ್ದರು. ದೂರದ ಗಿರಣಿಯ ಸೈರನ್ ಶುರುವಾದ ಕೂಡಲೇ ನಾನು ಉಸಿರು ಹಿಡಿಯುತ್ತಿದ್ದೆ, ಅದು ಮುಗಿಯುವವರೆಗೆ ಬಿಡಬಾರದೆಂದು. ಒಂದು ವರ್ಷವೂ ಹಿಡಿಯಲಾಗಿರಲಿಲ್ಲ. ಇಷ್ಟು ವರ್ಷ ಯಾರೂ ನನ್ನ ಬಳಿ ಅದನ್ನು ಕೇಳಿರಲಿಲ್ಲ. ಹೇಳಲು ಹೊರಟೆ. ಮೊದಲ ಮಾತೇ ತೀರ ಮೆಲ್ಲಗೆ ಬಂತು.

ಹಿರಿಯಾಕೆ ಇನ್ನೂ ಒಂದು ಹೆಜ್ಜೆ ಹತ್ತಿರ ಬಂದು ಕಿವಿಯನ್ನು ನನ್ನ ಬಾಯಿಯ ಬಳಿ ತಂದರು.

"ಜೋರಾಗಿ ಹೇಳು," ಎಂದರು.